ಈ ಮಕ್ಕಳ ಕಾಯಕಕ್ಕೂ ಮಠಗಳಲ್ಲಿ ಜಾಗವಿರಲಿ

ಆಕ್ಯುಪೇಷನಲ್ ಥೆರಪಿ ಎಂಬ ಮಾತು ಕನ್ನಡದಲ್ಲಿ 'ಔದ್ಯೋಗಿಕ ಚಿಕಿತ್ಸೆ' ಎಂದು ಚಲಾವಣೆಗೆ ಬಂದಿದೆ. ನಾಲ್ಕು ವರ್ಷದ ಮಗುವಿಗೆ ಈ ಚಿಕಿತ್ಸೆ ಕೊಡಿಸಿ ಎಂದು ವೈದ್ಯರು ಬರೆದುಕೊಟ್ಟರೆ, "ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಕೂಸಿಗೆ ಎಂಥ ಉದ್ಯೋಗ?" ಎಂದು ತಾಯಂದಿರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ, ತಪ್ಪಿರುವುದು ಅನುವಾದದಲ್ಲಿ. ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಆ ಕೂಸಿನ ಉದ್ಯೋಗ. ಹಲ್ಲುಜ್ಜುವುದು, ತುತ್ತು ಬಾಯಿಗಿಟ್ಟುಕೊಳ್ಳುವುದು, ಚಪ್ಪಲಿ ಹಾಕಿಕೊಳ್ಳುವುದು, ಓರಗೆಯವರ ಜೊತೆ ಆಡುವುದು, ಬಳಪ ಹಿಡಿದು ಗೆರೆ ಎಳೆಯುವುದು ಆ ವಯಸ್ಸಿನ ದುಡಿಮೆ. ಆ ದುಡಿಮೆ ಕೈಗೆ ಹತ್ತದೆ ಹೋದಾಗ ಅದನ್ನು ಹತ್ತಿಸಿಕೊಡುವ ವಿದ್ಯೆಗೆ ಈ ಹೆಸರು.

ಬಸವಾದಿ ಶರಣರ ನಾಡಿನಲ್ಲಿ ಇದಕ್ಕಾಗಿ ಹೊಸ ಪದ ಹುಡುಕುತ್ತ ಅಲೆಯಬೇಕಾಗಿಲ್ಲ. ಕಾಯಕ ಎಂಬ ಪದ ನಮ್ಮಲ್ಲೇ ಇದೆ. ಆಯುರ್ವೇದದವರ ಕಾಯಚಿಕಿತ್ಸೆಯೇ ಬೇರೆ, ಅದರೊಂದಿಗೆ ಇದನ್ನು ಬೆರೆಸಬಾರದು. ಇದು ಕಾಯಕ ಚಿಕಿತ್ಸೆ, ಕಾಯಕವನ್ನೇ ಔಷಧಿಯಾಗಿ ಕೊಡುವ ಚಿಕಿತ್ಸೆ. ಮಾತ್ರೆಯಿಲ್ಲ, ಸೂಜಿಯಿಲ್ಲ. ಮಗು ಏನು ಮಾಡಬಯಸುತ್ತದೆ, ಏನು ಮಾಡಬೇಕಾಗಿದೆ, ಎಲ್ಲಿ ತೊಡಕಾಗುತ್ತಿದೆ ಎಂದು ನೋಡಿ, ಆ ಕೆಲಸವನ್ನೇ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಕಡಿದು ಮಗುವನ್ನು ಹತ್ತಿಸುವ ಕ್ರಮವಿದು.

ಶರಣ ಬಂಧುಗಳೇ, ಈ ಲೇಖನ ಹೇಳಹೊರಟಿರುವುದು ಒಂದೇ ಮಾತು. ಕಾಯಕ ಮತ್ತು ದಾಸೋಹಗಳ ಹೆಸರನ್ನು ದಿನವೂ ಹೇಳುವ ನಮ್ಮ ಮಠಮಾನ್ಯಗಳು, ಆಟಿಸಂ, ಎಡಿಎಚ್‌ಡಿ, ಕಲಿಕಾ ನ್ಯೂನತೆ, ಬೌದ್ಧಿಕ ಬೆಳವಣಿಗೆಯ ತೊಡಕು ಇರುವ ಮಕ್ಕಳನ್ನೂ ಯುವಕ ಯುವತಿಯರನ್ನೂ ಇಲ್ಲಿಯತನಕ ಹೊಸ್ತಿಲಾಚೆಯೇ ನಿಲ್ಲಿಸಿವೆ. ಕೆಲವು ಕಡೆ ಒಳ್ಳೆಯ ಕೆಲಸ ನಡೆದಿರಬಹುದು. ಆದರೆ ನಮ್ಮ ಶಾಲೆ, ಪ್ರಸಾದ ನಿಲಯ, ಜಾತ್ರೆ, ಪ್ರವಚನಗಳ ಸಾಮಾನ್ಯ ನಡೆಯಲ್ಲಿ ಈ ಮಕ್ಕಳಿಗೆ ಜಾಗವಿಲ್ಲ. ಜಾಗ ಮಾಡಿಕೊಡುವ ವಿದ್ಯೆ ಇದೆ, ಕಾನೂನಿದೆ, ಕಟ್ಟಡಗಳಿವೆ. ಬೇಕಾಗಿರುವುದು ಮನಸ್ಸು.

ಯಾರು ಈ ಮಕ್ಕಳು?

ಮನುಷ್ಯರ ಮೈಬಣ್ಣ, ಎತ್ತರ, ದನಿ ಬೇರೆ ಬೇರೆ ಇರುವ ಹಾಗೆ ಮಿದುಳು ಕೆಲಸ ಮಾಡುವ ಬಗೆಯೂ ಬೇರೆ ಬೇರೆ. ಇದಕ್ಕೆ ನರವೈವಿಧ್ಯ ಎನ್ನುತ್ತಾರೆ. ಆಟಿಸಂ ಇರುವ ಮಗು ಮಾತಿಗೆ ತಿರುಗಿ ನೋಡದಿರಬಹುದು, ಒಂದೇ ಆಟವನ್ನು ಗಂಟೆಗಟ್ಟಲೆ ಆಡಬಹುದು, ಕುಕ್ಕರಿನ ಸೀಟಿ ಕೇಳಿ ಕಿವಿ ಮುಚ್ಚಿ ಚೀರಬಹುದು. ಎಡಿಎಚ್‌ಡಿ ಇರುವ ಮಗು ಕೂತಲ್ಲಿ ಕೂರದು, ಹಿಡಿದ ಕೆಲಸ ಮುಗಿಸದು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಬುದ್ಧಿ ಚುರುಕಾಗಿದ್ದರೂ ಅಕ್ಷರಗಳು ಕೈಕೊಡುತ್ತವೆ. ಇನ್ನು ಕೆಲವು ಮಕ್ಕಳಿಗೆ ಮೈಕೈಗಳ ಹೊಂದಾಣಿಕೆಯೇ ಕಷ್ಟ. ಲೋಟ ಬೀಳುತ್ತದೆ, ಚೆಂಡು ಜಾರುತ್ತದೆ, ಮೆಟ್ಟಿಲು ತಪ್ಪುತ್ತದೆ. ಇವರನ್ನೆಲ್ಲ ನಾವು ಹಟಮಾರಿ, ಪೆದ್ದ, ಸೋಮಾರಿ, ಹುಚ್ಚ ಎಂಬ ನಾಲ್ಕು ಬೈಗುಳಗಳಲ್ಲಿ ಮುಗಿಸಿಬಿಟ್ಟಿದ್ದೇವೆ.

ಇವರು ಎಲ್ಲೋ ಅಪರೂಪಕ್ಕೆ ಹುಟ್ಟುವವರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಿಗೆ ಒಬ್ಬರಂತೆ ಆಟಿಸಂ ಇದ್ದವರಿದ್ದರು. ಆ ಲೆಕ್ಕ ಹಿಡಿದರೆ ಸಾವಿರ ಮಕ್ಕಳಿರುವ ಒಂದು ವಿದ್ಯಾಸಂಸ್ಥೆಯಲ್ಲಿ ಆಟಿಸಂ ಒಂದೇ ಇರುವ ಮಕ್ಕಳು ಏಳೆಂಟು ಜನ ಇರಬೇಕು. ನಮ್ಮ ಸಂಸ್ಥೆಯಲ್ಲಿ ಅಂಥವರು ಯಾರೂ ಇಲ್ಲ ಎಂದು ಮುಖ್ಯೋಪಾಧ್ಯಾಯರು ಹೇಳಿದರೆ ಅದಕ್ಕೆ ಎರಡೇ ಅರ್ಥ. ಒಂದೋ ಆ ಮಕ್ಕಳನ್ನು ಗುರುತಿಸಿಲ್ಲ, ಇಲ್ಲವೇ ಬಾಗಿಲಿನಿಂದಲೇ ಹಿಂದೆ ಕಳಿಸಲಾಗಿದೆ.

ಚಿಕಿತ್ಸಕರು ಮಾಡುವುದೇನು?

ನೋಡುವವರಿಗೆ ಇದು ಆಟದಂತೆ ಕಾಣುತ್ತದೆ. ಕೋಣೆಯಲ್ಲಿ ಉಯ್ಯಾಲೆ, ದೊಡ್ಡ ಚೆಂಡು, ಮಣಿ, ಮರಳಿನ ತಟ್ಟೆ. "ಇದಕ್ಕೇನು ದುಡ್ಡು ಕೊಡುವುದು?" ಎಂದು ಅಜ್ಜಂದಿರು ಗೊಣಗುವುದುಂಟು. ಆದರೆ ಅಲ್ಲಿ ಪ್ರತಿಯೊಂದಕ್ಕೂ ಕಾರಣವಿದೆ. ಮೊದಲು ಚಿಕಿತ್ಸಕರು ಮಗುವಿನ ದಿನಚರಿ ಕೇಳುತ್ತಾರೆ. ಎಷ್ಟು ಗಂಟೆಗೆ ಏಳುತ್ತದೆ, ಏನು ತಿನ್ನುತ್ತದೆ, ಏನನ್ನು ಉಗುಳುತ್ತದೆ, ಯಾವ ಬಟ್ಟೆ ಹಾಕಿದರೆ ಕಿತ್ತೆಸೆಯುತ್ತದೆ, ಉಗುರು ತೆಗೆಯುವಾಗ, ಕ್ಷೌರ ಮಾಡಿಸುವಾಗ ಏನಾಗುತ್ತದೆ. ಆಮೇಲೆ ಮನೆಯವರ ಜೊತೆ ಕೂತು ಎರಡು ಮೂರು ಗುರಿ ಗೊತ್ತುಮಾಡುತ್ತಾರೆ. ತಾನೇ ಅಂಗಿ ಹಾಕಿಕೊಳ್ಳಬೇಕು, ತರಗತಿಯಲ್ಲಿ ಹತ್ತು ನಿಮಿಷ ಕೂರಬೇಕು, ಶೌಚಕ್ಕೆ ತಾನೇ ಹೋಗಿಬರಬೇಕು ಎಂಬಂಥ ಗುರಿಗಳು.

ಕಲಿಸುವ ಉಪಾಯಗಳಲ್ಲಿ ಒಂದನ್ನು ಹೇಳುತ್ತೇನೆ. ಚಡ್ಡಿ ಹಾಕಿಕೊಳ್ಳುವುದನ್ನು ಕಲಿಸುವಾಗ ಮೊದಲ ಹಂತದಿಂದ ಶುರುಮಾಡದೆ ಕೊನೆಯ ಹಂತದಿಂದ ಶುರುಮಾಡಬಹುದು. ಮೊಣಕಾಲು ದಾಟಿಸಿ ತೊಡೆಯತನಕ ತಾಯಿಯೇ ಏರಿಸುತ್ತಾಳೆ, ಸೊಂಟಕ್ಕೆ ಎಳೆದುಕೊಳ್ಳುವ ಕೊನೆಯ ಕೆಲಸ ಮಾತ್ರ ಮಗುವಿನದು. ಅದು ಬಂದ ಮೇಲೆ ಅದರ ಹಿಂದಿನ ಹಂತ, ಅದು ಬಂದ ಮೇಲೆ ಇನ್ನೂ ಹಿಂದಿನದು. ಹೀಗೆ ಮಾಡಿದಾಗ ಪ್ರತಿ ಸಲವೂ ಕೆಲಸ ಮುಗಿಸಿದ ಗೆಲುವು ಮಗುವಿಗೇ ದಕ್ಕುತ್ತದೆ. ದಿನಕ್ಕೆ ಹತ್ತು ಸಲ ಸೋತು ಬೈಸಿಕೊಂಡ ಮಗುವಿಗೆ ಈ ಒಂದು ಗೆಲುವಿನ ಬೆಲೆ ಎಷ್ಟೆಂದು ಹೆತ್ತವರಿಗೆ ಗೊತ್ತು.

ಉಯ್ಯಾಲೆಯ ಹಿಂದೆಯೂ ಒಂದು ವಿಚಾರವಿದೆ. ಅಮೆರಿಕದ ಜೀನ್ ಆಯ್ರೆಸ್ ಎಂಬ ಚಿಕಿತ್ಸಕಿ 1972ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ಮಂಡಿಸಿದರು. ಕಣ್ಣು, ಕಿವಿ, ಚರ್ಮಗಳಿಂದ ಬರುವ ಸುದ್ದಿಯಷ್ಟೇ ಅಲ್ಲದೆ ಮೈಯ ಸಮತೋಲ, ಕೀಲು ಸ್ನಾಯುಗಳ ಸುದ್ದಿಯೂ ಮಿದುಳಿನಲ್ಲಿ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಕಲಿಕೆಗೂ ನಡತೆಗೂ ತೊಡಕಾಗುತ್ತದೆ ಎಂಬುದು ಅವರ ವಾದ. ಈ ವಿಧಾನ ಎಷ್ಟರಮಟ್ಟಿಗೆ ಫಲ ಕೊಡುತ್ತದೆ ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ಮಗುವಿಗೆ ನಿತ್ಯ ಬೇಕಾದ ಕೆಲಸವನ್ನೇ ಗುರಿಯಾಗಿಟ್ಟುಕೊಂಡು, ಆ ಕೆಲಸವನ್ನೇ ಮಾಡಿಸುತ್ತ, ಮನೆಯವರನ್ನೂ ಜೊತೆಗೆ ಸೇರಿಸಿಕೊಳ್ಳುವ ವಿಧಾನಕ್ಕೆ ಆಧಾರ ಹೆಚ್ಚು ಗಟ್ಟಿಯಾಗಿದೆ. ಆದ್ದರಿಂದ ಹೆತ್ತವರು ಮೂರು ತಿಂಗಳಿಗೊಮ್ಮೆ ಕೇಳಬೇಕು: ಗೊತ್ತುಮಾಡಿದ ಗುರಿಯಲ್ಲಿ ಎಷ್ಟು ದೂರ ಬಂದೆವು? ಮನೆಯಲ್ಲಿ ನಾವು ಏನು ಮಾಡಬೇಕು? ಉತ್ತರ ಸಿಗದಿದ್ದರೆ ಉಯ್ಯಾಲೆ ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಆಟಿಸಂ ಅನ್ನು 'ಗುಣಪಡಿಸುತ್ತೇವೆ' ಎನ್ನುವವರನ್ನು ನಂಬಬೇಡಿ. ಕಾಯಕ ಚಿಕಿತ್ಸೆಯೂ ಹಾಗೆ ಹೇಳುವುದಿಲ್ಲ. ಕಾಂಡಕೋಶ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಹಣ ಕೇಳುವವರಿದ್ದಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಸಮಿತಿ 2022ರಲ್ಲೇ ಹೇಳಿದೆ. ಹೊಲ ಮಾರಿ ಅಲ್ಲಿಗೆ ಸುರಿಯುವ ಮುಂಚೆ ಹತ್ತು ಸಲ ಯೋಚಿಸಿ.

ಬುಟ್ಟಿ ಹೆಣೆಯುವುದರಿಂದ ಬಂದ ವಿದ್ಯೆ

ಈ ವಿದ್ಯೆಗೆ ಸಂಘದ ರೂಪ ಬಂದದ್ದು 1917ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ. ಮಾನಸಿಕ ಆಸ್ಪತ್ರೆಗಳಲ್ಲಿ ಕೈಕಟ್ಟಿ ಕೂಡಿಹಾಕಿದ್ದ ರೋಗಿಗಳಿಗೂ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೂ ಬುಟ್ಟಿ ಹೆಣೆಯುವುದು, ನೇಯುವುದು, ಮರಗೆಲಸ ಮುಂತಾದವನ್ನು ಕಲಿಸಿದರು. ಕೈಗೆ ಕೆಲಸ ಸಿಕ್ಕಾಗ ಮೈಯೂ ಮನಸ್ಸೂ ಚೇತರಿಸಿಕೊಳ್ಳುವುದನ್ನು ಅವರು ಕಂಡುಕೊಂಡಿದ್ದರು. ಭಾರತಕ್ಕೆ ಈ ವಿದ್ಯೆಯನ್ನು ತಂದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ, ಇಲ್ಲಿನವರೇ ಆಗಿಹೋದ ಆಕೆ 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘವೂ ಹುಟ್ಟಿತು.

ಬುಟ್ಟಿ ಹೆಣೆಯುವುದು ಎಂದಾಗ ನಮಗೆ ಮೇದಾರ ಕೇತಯ್ಯ ನೆನಪಾಗಬೇಕು. ಹಗ್ಗ ಹೊಸೆಯುವುದೆಂದರೆ ನುಲಿಯ ಚಂದಯ್ಯ, ಚೆಲ್ಲಿದ ಅಕ್ಕಿ ಆರಿಸುವುದೆಂದರೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಹನ್ನೆರಡನೆಯ ಶತಮಾನದವರು ಈ ಚಿಕಿತ್ಸೆಯನ್ನು ಕಂಡುಹಿಡಿದಿದ್ದರು ಎಂದು ನಾನು ಹೇಳುತ್ತಿಲ್ಲ. ಎಲ್ಲವೂ ನಮ್ಮಲ್ಲೇ ಇತ್ತು ಎಂಬ ಹೆಮ್ಮೆ ಸುಧಾರಣೆಗೆ ಅಡ್ಡಿ. ಕೈಗೆಲಸವನ್ನು ಕೀಳೆಂದು ಕಂಡ ಕಾಲದಲ್ಲಿ ಕೈಗೆಲಸ ಮಾಡುವವರನ್ನು ಅನುಭವ ಮಂಟಪದಲ್ಲಿ ಸಮಸಮಕ್ಕೆ ಕೂರಿಸಿದ ಪರಂಪರೆಗೆ ಈ ವಿದ್ಯೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕಿತ್ತು ಎಂದಷ್ಟೇ ನನ್ನ ಮಾತು.

ನಮ್ಮ ಮನೆಗಳಲ್ಲಿ ಈ ಚಿಕಿತ್ಸೆಗೆ ಬೇಕಾದ ಸಾಮಾನು ಬೇಕಾದಷ್ಟಿದೆ. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಹೆಬ್ಬೆರಳು ತೋರುಬೆರಳು ಕೂಡಿ ಕೆಲಸ ಮಾಡುತ್ತವೆ. ಪೆನ್ಸಿಲ್ ಹಿಡಿಯಲು ಬೇಕಾದದ್ದೂ ಅದೇ ಹಿಡಿತ. ಶೇಂಗಾ ಸುಲಿಯುವಾಗ, ಅವರೆಕಾಯಿ ಬಿಡಿಸುವಾಗ, ಹೂ ಕಟ್ಟುವಾಗ ಎರಡು ಕೈಗಳು ಒಂದಕ್ಕೊಂದು ನೆರವಾಗುತ್ತವೆ. ಹಿಟ್ಟು ನಾದುವುದು, ಜೋಳದ ರೊಟ್ಟಿ ತಟ್ಟುವುದು, ತುಂಬಿದ ಕೊಡ ಎತ್ತಿ ತರುವುದು ತೋಳು ಭುಜಗಳಿಗೆ ಒತ್ತಡದ ಕೆಲಸ. ಚಡಪಡಿಸುವ ಎಷ್ಟೋ ಮಕ್ಕಳು ಇಂಥ ಕೆಲಸದ ಮೇಲೆ ಸಮಾಧಾನಕ್ಕೆ ಬರುತ್ತಾರೆ. ಯಾವ ಮಗುವಿಗೆ ಯಾವುದು, ಎಷ್ಟು ಹೊತ್ತು ಎಂಬುದನ್ನು ಬಲ್ಲವರು ಹೇಳಿಕೊಡಬೇಕು. ಹೇಳಿಕೊಟ್ಟ ಮೇಲೆ ಮಾಡಿಸಲು ಅಡುಗೆಮನೆ ಸಾಕು.

ಪೂರ್ವಜನ್ಮದ ಮಾತು ಇಲ್ಲಿಗೆ ನಿಲ್ಲಲಿ

ಮಗು ಮಾತಾಡಲಿಲ್ಲವೆಂದರೆ ನಮ್ಮ ಕಡೆ ಮೊದಲು ಓಡುವುದು ಆಸ್ಪತ್ರೆಗಲ್ಲ. ಪಂಚಾಂಗ ನೋಡುವವರ ಬಳಿಗೆ, ದಾರ ಕಟ್ಟುವವರ ಬಳಿಗೆ, ದೆವ್ವ ಬಿಡಿಸುವವರ ಬಳಿಗೆ. ಎರಡು ವರ್ಷದಿಂದ ಐದು ವರ್ಷದ ನಡುವಿನ ಕಾಲ, ಅಂದರೆ ಮಿದುಳು ಬೇಗ ಬೇಗ ಕಲಿಯುವ ಕಾಲ, ಹರಕೆಗಳಲ್ಲೇ ಕಳೆದುಹೋಗುತ್ತದೆ. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಕಟ್ಟಿಹಾಕುವುದು ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ಆದರೂ ಮನೆಯೊಳಗೆ, ಊರ ಹೊರಗಿನ ಗುಡಿಗಳಲ್ಲಿ ಅದು ನಿಂತಿಲ್ಲ.

ಹೊಡೆತಕ್ಕಿಂತ ಆಳವಾದ ಗಾಯ ಇನ್ನೊಂದಿದೆ. "ಯಾವ ಜನ್ಮದ ಕರ್ಮವೋ" ಎಂಬ ಮಾತು. ಅದನ್ನು ಸಾಮಾನ್ಯವಾಗಿ ತಾಯಿಯ ಮುಖಕ್ಕೇ ಹೇಳುತ್ತಾರೆ. ಮಗುವಿನ ಸ್ಥಿತಿಗೆ ಅವಳ ಹೊಟ್ಟೆ, ಅವಳ ನಡತೆ, ಅವಳ ತವರಿನ ರಕ್ತ ಕಾರಣವೆಂದು ಅತ್ತೆಮನೆಯಲ್ಲಿ ತೀರ್ಪಾಗುತ್ತದೆ. ಮಗುವಿನ ಆಟಿಸಂಗೆ ತಾಯಿಯ ಅಕ್ಕರೆ ಕಡಿಮೆಯಾದದ್ದು ಕಾರಣವೆಂದು ಒಂದು ಕಾಲಕ್ಕೆ ಪಶ್ಚಿಮದ ವೈದ್ಯರೂ ಹೇಳಿ, ಆಮೇಲೆ ಅದು ಸುಳ್ಳೆಂದು ತಿಳಿದು ಕೈಬಿಟ್ಟರು. ಕರ್ಮಸಿದ್ಧಾಂತದ ಹೆಸರಿನಲ್ಲಿ ಮನುಷ್ಯರನ್ನು ಮೇಲು ಕೀಳು ಮಾಡುವುದನ್ನು ಒಪ್ಪದ ಶರಣರ ಅನುಯಾಯಿಗಳು ನಾವು. ನಮ್ಮ ಮನೆಯ ಸೊಸೆಗೆ ಮಾತ್ರ ಆ ಸಿದ್ಧಾಂತ ಅನ್ವಯಿಸುತ್ತೇವೆಯೇ?

ಇನ್ನೂ ಸೂಕ್ಷ್ಮವಾದ ಒಂದು ವಿಷಯವಿದೆ. ಇಷ್ಟಲಿಂಗ ಕಟ್ಟಿದ ಕೂಡಲೇ ಶಿವದಾರವನ್ನು ಕಿತ್ತೆಸೆಯುವ ಮಕ್ಕಳಿದ್ದಾರೆ. ಹಿರಿಯರು ಅದನ್ನು ಅಪಚಾರವೆಂದು ತಿಳಿದು ಹೊಡೆಯುತ್ತಾರೆ, ಅಳುತ್ತಾರೆ, ಪ್ರಾಯಶ್ಚಿತ್ತ ಕೇಳುತ್ತಾರೆ. ಕೆಲವು ಮಕ್ಕಳ ಚರ್ಮಕ್ಕೆ ಕುತ್ತಿಗೆಯ ಮೇಲಿನ ದಾರ ಮುಳ್ಳಿನಂತೆ ಚುಚ್ಚುತ್ತದೆ. ಅಂಗಿಯ ಕಾಲರಿನ ಪಟ್ಟಿಯೂ ಅವರಿಗೆ ಹಾಗೆಯೇ ಚುಚ್ಚುತ್ತದೆ. ಆ ಮಗು ತಿರಸ್ಕರಿಸುತ್ತಿರುವುದು ಲಿಂಗವನ್ನಲ್ಲ, ದಾರದ ಸ್ಪರ್ಶವನ್ನು. ಹಳೆಯ, ಮೆತ್ತಗಿನ ಹತ್ತಿಯ ದಾರ ಬಳಸಿ, ಮೊದಲು ಅಂಗಿಯ ಮೇಲೆ ಒಂದೆರಡು ನಿಮಿಷ, ಆಮೇಲೆ ಐದು ನಿಮಿಷ ಎಂದು ರೂಢಿ ಮಾಡಿಸಬಹುದು. ಅದೂ ಆಗದಿದ್ದರೆ ಕರಡಿಗೆ ಮನೆಯ ಜಗಲಿಯ ಮೇಲೇ ಇರಲಿ. ಈ ಮಾತನ್ನು ನಾವು ಯಾರೂ ಹೇಳಿದರೆ ಸಾಲದು. ಪೂಜ್ಯರು ವೇದಿಕೆಯ ಮೇಲಿನಿಂದ ಒಮ್ಮೆ ಹೇಳಿದರೆ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಬೀಳುವ ಪೆಟ್ಟು ನಿಲ್ಲುತ್ತದೆ.

ಗದಗಿನ ದಾರಿ

ಮಠಗಳಿಗೆ ಇದು ಹೊಸ ಕೆಲಸ, ನಮ್ಮಿಂದಾಗದು ಎನ್ನುವವರು ಗದಗಿನ ಕಡೆ ನೋಡಬೇಕು. ಹುಟ್ಟಿನಿಂದಲೇ ಕಣ್ಣು ಕಾಣದ ಒಬ್ಬ ಹಳ್ಳಿಯ ಹುಡುಗನಿಗೆ ಹಾನಗಲ್ಲ ಕುಮಾರ ಸ್ವಾಮಿಗಳು ಸಂಗೀತ ಶಿಕ್ಷಣ ಕೊಡಿಸಿದರು. ಆ ಹುಡುಗನೇ ಪಂಚಾಕ್ಷರ ಗವಾಯಿಗಳು. ಅವರ ಕೈಯಲ್ಲಿ ಬೆಳೆದವರು, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳೂ ಬಡ ಮಕ್ಕಳೂ ಜಾತಿ ಕೇಳಿಸಿಕೊಳ್ಳದೆ ಉಂಡು ಕಲಿತರು, ಗಾಯಕರಾದರು, ವಾದಕರಾದರು, ಸಂಗೀತದ ಮೇಷ್ಟ್ರಾದರು. 2010ರಲ್ಲಿ ಪುಟ್ಟರಾಜರು ಲಿಂಗೈಕ್ಯರಾದಾಗ ನಾಡೇ ಕಣ್ಣೀರಿಟ್ಟಿತು.

ಅಲ್ಲಿ ನಡೆದದ್ದೇನು ಎಂದು ಕೊಂಚ ಬಿಡಿಸಿ ನೋಡೋಣ. ಕಣ್ಣು ಬರಲಿ, ಆಮೇಲೆ ಕಲಿಸೋಣ ಎಂದು ಅವರು ಕಾಯಲಿಲ್ಲ. ಕಿವಿ ಮತ್ತು ಬೆರಳಿನಿಂದ ಕಲಿಯುವ ದಾರಿ ಹುಡುಕಿದರು. ಕಲಿಸುವ ಕ್ರಮವನ್ನು ಮಗುವಿಗೆ ತಕ್ಕಂತೆ ತಿದ್ದಿದರು. ಮರುಕದ ಅನ್ನದಲ್ಲಿ ಮುಗಿಸದೆ, ಮನೆಮಾತಾಗುವಂಥ ಕಾಯಕ ಕೊಟ್ಟರು. ಕಾಯಕ ಚಿಕಿತ್ಸೆಯ ಪುಸ್ತಕಗಳು ಹೇಳುವುದೂ ಇದನ್ನೇ. ಮನುಷ್ಯನನ್ನು ಬದಲಿಸಲು ಒದ್ದಾಡುವ ಮೊದಲು ಕೆಲಸವನ್ನೂ ಜಾಗವನ್ನೂ ಅವನಿಗೆ ಹೊಂದಿಸಿ. ಕಣ್ಣಿಲ್ಲದವರಿಗೆ ನಮ್ಮ ಪರಂಪರೆ ಮಾಡಿದ್ದನ್ನು ಈ ಮಕ್ಕಳಿಗೆ ಮಾಡಲು ಅಡ್ಡಿ ಏನು?

ಕಾನೂನು ಏನು ಕೊಡುತ್ತದೆ?

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಆಗಿ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದು ಗುರುತಿಸುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ ಇವೆ. ಎಡಿಎಚ್‌ಡಿ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ, ಅದು ಆ ಮಕ್ಕಳಿಗಾದ ಅನ್ಯಾಯ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಯಾವ ಶಾಲೆಯೂ ಈ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕೆಂಬುದು ಈ ಕಾಯ್ದೆಯ ಮಾತು. ನಮ್ಮ ವಿದ್ಯಾಪೀಠಗಳ ಶಾಲೆಗಳೂ ಇದರಲ್ಲಿ ಬಂದವು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವೆಂದು ಪ್ರಮಾಣಪತ್ರ ಪಡೆದವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಕೆಲಸದಲ್ಲಿ ಶೇಕಡಾ 4ರ ಮೀಸಲಾತಿಯಲ್ಲಿ ಇವರ ಗುಂಪಿಗೂ ಪಾಲಿದೆ.

ಜಿಲ್ಲಾ ಆಸ್ಪತ್ರೆಗಳಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಿಗೆ ಬರುವ ವೈದ್ಯರ ತಂಡ ಮಕ್ಕಳನ್ನು ಅಲ್ಲಿಗೆ ಕಳಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಪಾಸಣೆ ಮಾಡಿಸಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ 1 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಅದರಲ್ಲಿ ಇಂಥ ಚಿಕಿತ್ಸೆಗಳ ವೆಚ್ಚಕ್ಕೂ ಒಂದು ಪಾಲಿದೆ. ಮಗನಿಗೋ ಮಗಳಿಗೋ 18 ತುಂಬಿದ ಮೇಲೆ ಕಾನೂನುಬದ್ಧ ಪಾಲಕರ ನೇಮಕಕ್ಕೆ ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿಗೆ ಅರ್ಜಿ ಹಾಕಬಹುದು. ಇದನ್ನೆಲ್ಲ ತಿಳಿದ ಹೆತ್ತವರು ಹಳ್ಳಿಗಳಲ್ಲಿ ಎಷ್ಟು ಜನ?

ದೊಡ್ಡ ಕೊರತೆ ಇರುವುದು ಚಿಕಿತ್ಸಕರದು. ನಾಲ್ಕು ವರ್ಷಕ್ಕೂ ಮೀರಿದ ಓದಿನ ಪದವಿ ಇದು. ಮಣಿಪಾಲದಂಥ ಕೆಲವೇ ಕಡೆ ಕಲಿಸುತ್ತಾರೆ. ಕಲಿತವರು ದೊಡ್ಡ ಊರುಗಳಲ್ಲಿ, ಇಲ್ಲವೇ ಹೊರದೇಶಗಳಲ್ಲಿ ನೆಲೆಸುತ್ತಾರೆ. ಹಳ್ಳಿಯ ಮಗುವಿಗಾಗಿ ತಾಯಿ ಊರು ಬಿಟ್ಟು ನಗರದಲ್ಲಿ ಬಾಡಿಗೆ ಕೋಣೆ ಹಿಡಿಯಬೇಕು, ತಂದೆ ಊರಲ್ಲಿ ಒಬ್ಬನೇ ಹೊಲ ನೋಡಬೇಕು. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲಕ್ಕೂ ಶುಲ್ಕ, ವರ್ಷಗಟ್ಟಲೆ. ಈ ಕಷ್ಟದ ನಡುವೆಯೇ ಆರು ತಿಂಗಳ ತರಬೇತಿ ಪಡೆದು ಬೋರ್ಡು ಹಾಕಿಕೊಳ್ಳುವವರೂ ಹುಟ್ಟಿಕೊಂಡಿದ್ದಾರೆ. ಪದವಿ ಎಲ್ಲಿಯದು ಎಂದು ಕೇಳಲು ಸಂಕೋಚ ಬೇಡ. 2021ರ ಸಹಾಯಕ ಆರೋಗ್ಯ ವೃತ್ತಿಪರರ ಕಾಯ್ದೆ ಈ ವೃತ್ತಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ.

ಮಠಗಳು ಏನು ಮಾಡಬಹುದು?

ಮೊದಲನೆಯದು, ಪ್ರತಿ ಜಿಲ್ಲೆಯಲ್ಲಿ ಒಂದು ಹಗಲು ಕೇಂದ್ರ. ಒಂದೇ ಮಠಕ್ಕೆ ಭಾರವಾದರೆ ಐದಾರು ಮಠಗಳು ಕೂಡಿ ಪದವಿ ಪಡೆದ ಒಬ್ಬ ಚಿಕಿತ್ಸಕರಿಗೆ ಸಂಬಳ ಕೊಟ್ಟು ನೇಮಿಸಲಿ. ಅವರು ವಾರಕ್ಕೊಂದು ದಿನದಂತೆ ಒಂದೊಂದು ಮಠಕ್ಕೆ ಬಂದು ಮಕ್ಕಳನ್ನು ನೋಡಲಿ, ಉಳಿದ ದಿನ ಮನೆಯಲ್ಲಿ ಮಾಡಿಸುವುದನ್ನು ಹೆತ್ತವರಿಗೆ ಕಲಿಸಿಹೋಗಲಿ. ಕೋಣೆ ನಮ್ಮಲ್ಲಿದೆ, ಪ್ರಸಾದ ನಮ್ಮಲ್ಲಿದೆ. ಆದರೆ ಎಳೆಯ ಮಕ್ಕಳನ್ನು ತಂದು ಬಿಟ್ಟುಹೋಗುವ ಜಾಗ ಇದಾಗಬಾರದು. ಸಂಜೆಗೆ ಮಗು ತಾಯಿಯ ಬಳಿಗೆ ಮರಳಬೇಕು.

ಎರಡನೆಯದು, ಪ್ರಸಾದ ನಿಲಯಗಳ ಮೇಲ್ವಿಚಾರಕರಿಗೂ ಶಾಲೆಗಳ ಶಿಕ್ಷಕರಿಗೂ ತರಬೇತಿ. ಗದ್ದಲದ ಊಟದ ಮನೆಯಲ್ಲಿ ಕಿವಿ ಮುಚ್ಚಿಕೊಳ್ಳುವ ಹುಡುಗನಿಗೆ ಸಾಲಿನ ತುದಿಯಲ್ಲಿ ಜಾಗ ಕೊಡುವುದು, ಗೋಡೆಯ ಮೇಲೆ ದಿನಚರಿಯ ಚಿತ್ರ ಅಂಟಿಸುವುದು, ಬರೆಯಲು ನಿಧಾನವಾದವನಿಗೆ ಹೆಚ್ಚು ಸಮಯ ಕೊಡುವುದು, ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹೆಚ್ಚುವರಿ ಸಮಯವೋ ಬರಹಗಾರರ ನೆರವೋ ಬೇಕಾದರೆ ಮೊದಲೇ ಅರ್ಜಿ ಹಾಕಿಸುವುದು. ಇದಕ್ಕೆ ಹಣಕ್ಕಿಂತ ಗಮನ ಬೇಕು.

ಮೂರನೆಯದು, ಜಾತ್ರೆ ಮತ್ತು ಪ್ರವಚನಗಳಲ್ಲಿ ಒಂದು ಶಾಂತ ಕೋಣೆ. ನಂದಿಕೋಲು, ಕರಡಿ ಮಜಲು, ಪಟಾಕಿ, ಧ್ವನಿವರ್ಧಕಗಳ ನಡುವೆ ಚೀರಿದ ಮಗುವನ್ನು ಎತ್ತಿಕೊಂಡು ಹೊರಗೋಡಿದ ತಾಯಿ ಮತ್ತೆ ಮಠಕ್ಕೆ ಬರುವುದಿಲ್ಲ. ಸದ್ದಿಲ್ಲದ, ಬೆಳಕು ಕಡಿಮೆ ಇರುವ ಒಂದು ಕೋಣೆಗೆ ಚಾಪೆ ಹಾಸಿ, "ಮಗುವಿಗೆ ಗದ್ದಲ ತಾಳದಿದ್ದರೆ ಇಲ್ಲಿ ಕೂತುಕೊಳ್ಳಿ" ಎಂದು ಬರೆದು ಹಾಕಿದರೆ ಆ ಕುಟುಂಬ ಸಮುದಾಯದೊಳಗೆ ಉಳಿಯುತ್ತದೆ.

ಹದಿನೆಂಟು ತುಂಬಿದ ಮೇಲೆ

ಚಿಕ್ಕ ಮಕ್ಕಳಿಗೆ ಅಲ್ಲೊಂದು ಇಲ್ಲೊಂದು ಕೇಂದ್ರವಾದರೂ ಇದೆ. 18 ದಾಟಿದವರಿಗೆ ಬಹುಪಾಲು ಊರುಗಳಲ್ಲಿ ಏನೂ ಇಲ್ಲ. ಶಾಲೆ ಮುಗಿಯುತ್ತದೆ, ಯುವಕ ಮನೆಯ ಮೂಲೆಯಲ್ಲಿ ಮೊಬೈಲ್ ಹಿಡಿದು ಕೂರುತ್ತಾನೆ. ಕಲಿತದ್ದೂ ಮರೆಯುತ್ತದೆ. ಹುಡುಗಿಯಾದರೆ ಮನೆಯಿಂದ ಹೊರಗೇ ಬಿಡುವುದಿಲ್ಲ. ಈ ವಯಸ್ಸಿನ ಕಾಯಕಗಳು ಬೇರೆ. ಗಡ್ಡ ತೆಗೆದುಕೊಳ್ಳುವುದು, ಮುಟ್ಟಿನ ದಿನಗಳನ್ನು ನಿಭಾಯಿಸುವುದು, ಮೈ ಮುಟ್ಟಬಂದವರಿಗೆ ಬೇಡವೆನ್ನುವುದು, ಬಸ್ ಹತ್ತುವುದು, ಚಿಲ್ಲರೆ ಎಣಿಸುವುದು, ಅನ್ನ ಮಾಡಿಕೊಳ್ಳುವುದು. ಇವನ್ನೂ ಮೆಟ್ಟಿಲು ಮೆಟ್ಟಿಲಾಗಿ ಕಲಿಸಬಹುದು.

ದುಡಿಯಬಲ್ಲವರಿಗೆ ಮಠದ ಅಂಗಳದಲ್ಲೇ ಎಷ್ಟು ಕೆಲಸಗಳಿವೆ! ಸಸಿಮಡಿ, ಗೋಶಾಲೆ, ಗ್ರಂಥಾಲಯದ ಪುಸ್ತಕ ಜೋಡಣೆ, ಮುದ್ರಣಾಲಯದಲ್ಲಿ ಹಾಳೆ ಮಡಚುವುದು, ದಾಸೋಹದ ತರಕಾರಿ ಹೆಚ್ಚುವುದು. ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಮಾಡುವ ಕೆಲಸ ಆಟಿಸಂ ಇರುವ ಎಷ್ಟೋ ಜನರಿಗೆ ಇಷ್ಟ. ಅವರಷ್ಟು ಅಚ್ಚುಕಟ್ಟಾಗಿ ಬೇರೆಯವರು ಮಾಡಲಾರರು. ಆದರೆ ಒಂದು ಎಚ್ಚರಿಕೆ ಬೇಕು. ಸೇವೆ ಎಂಬ ಹೆಸರಿಟ್ಟು ಅವರಿಂದ ಪುಕ್ಕಟೆ ದುಡಿಸಿಕೊಳ್ಳಬಾರದು. ಬೇರೆಯವರಿಗೆ ಕೊಡುವ ಕೂಲಿಯನ್ನೇ ಅವರ ಹೆಸರಿನ ಬ್ಯಾಂಕ್ ಖಾತೆಗೆ ಹಾಕಬೇಕು. ಕೂಲಿ ಇಲ್ಲದ ಕಾಯಕವನ್ನು ಬಲವಂತವಾಗಿ ಹೊರಿಸಿದರೆ ಅದು ಬಿಟ್ಟಿ ಚಾಕರಿ. ಅದನ್ನು ಮುರಿಯಲೆಂದೇ ಶರಣ ಚಳವಳಿ ಹುಟ್ಟಿದ್ದು.

ಎರಡನೆಯ ಎಚ್ಚರಿಕೆ ನಮ್ಮ ತತ್ವವನ್ನೇ ಕುರಿತದ್ದು. ಕಾಯಕವನ್ನು ಎತ್ತಿಹಿಡಿಯುವ ಭರದಲ್ಲಿ, ದುಡಿಯಲಾರದವನು ಅರ್ಧ ಮನುಷ್ಯ ಎಂಬ ಭಾವನೆ ನಮ್ಮೊಳಗೆ ತಿಳಿಯದಂತೆ ಸೇರಿಬಿಡುತ್ತದೆ. ಎಷ್ಟು ಚಿಕಿತ್ಸೆ ಕೊಟ್ಟರೂ ಒಂದು ರೂಪಾಯಿ ಗಳಿಸಲಾರದ, ಒಂದು ಮಾತನ್ನೂ ಆಡಲಾರದ ಮಕ್ಕಳಿದ್ದಾರೆ. ಇಪ್ಪತ್ತು ವರ್ಷದ ಮಗ ಎರಡು ವರ್ಷದ ಪ್ರಯತ್ನದ ಮೇಲೆ ಚಮಚ ಹಿಡಿದು ತಾನೇ ಒಂದು ತುತ್ತು ಬಾಯಿಗಿಟ್ಟುಕೊಂಡರೆ ಅದು ಅವನ ಕಾಯಕ. ಅದಕ್ಕೆ ಗಳಿಕೆಯ ತಕ್ಕಡಿ ಹಿಡಿಯುವ ಅಧಿಕಾರ ಯಾರಿಗೂ ಇಲ್ಲ. ಆ ತುತ್ತೂ ಆಗದವನಿಗೆ ದಾಸೋಹದ ಪಂಕ್ತಿಯಲ್ಲಿ ಎಲ್ಲರ ಹಾಗೆ ಜಾಗವಿದೆ. ಕಾಯಕ ಅವನ ಹಕ್ಕು. ಅದನ್ನು ಪಂಕ್ತಿಗೆ ಕೂರುವ ಮುಂಚಿನ ಪರೀಕ್ಷೆಯಾಗಿ ಮಾಡಬಾರದು.

"ಇಂಥ ಮಕ್ಕಳನ್ನು ಸೇರಿಸಿಕೊಂಡರೆ ಉಳಿದ ಮಕ್ಕಳ ಓದು ಕೆಡುತ್ತದೆ, ಫಲಿತಾಂಶ ಇಳಿಯುತ್ತದೆ" ಎಂಬ ಮಾತು ನಮ್ಮ ಆಡಳಿತ ಮಂಡಳಿಗಳಲ್ಲಿ ಕೇಳಿಬರುತ್ತದೆ. ಅಂದು ಕೆಲವರನ್ನು ಜೊತೆ ಕೂರಿಸಿದರೆ ಮೈಲಿಗೆಯಾಗುತ್ತದೆ ಎಂದವರ ಮಾತಿಗೂ ಇದಕ್ಕೂ ದೂರ ಬಹಳವಿಲ್ಲ. ಚಿತ್ರಗಳಿಂದ ಪಾಠ, ಬಿಡಿಸಿ ಹೇಳಿದ ಸೂಚನೆ, ಗದ್ದಲವಿಲ್ಲದ ತರಗತಿ ಎಲ್ಲ ಮಕ್ಕಳಿಗೂ ಒಳ್ಳೆಯದೇ. ಜೊತೆಯವನಿಗೆ ಶೂ ದಾರ ಕಟ್ಟಿಕೊಡಲು ಕಲಿತ ಹುಡುಗ, ಅಂಕಪಟ್ಟಿಯಲ್ಲಿ ಬಾರದ ಒಂದು ಪಾಠವನ್ನು ಕಲಿತಿರುತ್ತಾನೆ.

ಅಕ್ಟೋಬರ್ 27 ವಿಶ್ವ ಆಕ್ಯುಪೇಷನಲ್ ಥೆರಪಿ ದಿನ. ಅದಕ್ಕೂ ಮುಂಚೆ ಶ್ರಾವಣ ಬರುತ್ತದೆ, ಊರೂರಿನ ಮಠಗಳಲ್ಲಿ ತಿಂಗಳಿಡೀ ಪ್ರವಚನಗಳು ನಡೆಯುತ್ತವೆ. ಪೂಜ್ಯರಲ್ಲಿ ನಮ್ಮ ಬಿನ್ನಹ ಇಷ್ಟೇ. ಆ ಮೂವತ್ತು ಸಂಜೆಗಳಲ್ಲಿ ಒಂದನ್ನು ಈ ಮಕ್ಕಳಿಗಾಗಿ ಎತ್ತಿಡಿ. ಒಬ್ಬ ಚಿಕಿತ್ಸಕರನ್ನು ವೇದಿಕೆಗೆ ಕರೆಯಿರಿ. ಇಂಥ ಮಗುವಿರುವ ತಾಯಂದಿರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅವರ ಮಾತು ಕೇಳಿ. ಭಕ್ತರಲ್ಲಿ ನಮ್ಮ ಬಿನ್ನಹವೂ ಸಣ್ಣದೇ. ನಿಮ್ಮ ಓಣಿಯಲ್ಲಿ ಅಂಥ ಮನೆ ಯಾವುದೆಂದು ನಿಮಗೆ ಗೊತ್ತು. ಈ ವಾರ ಆ ಮನೆಗೆ ಹೋಗಿ, ಸಲಹೆ ಕೊಡದೆ, ಕರ್ಮದ ಮಾತೆತ್ತದೆ, ಆ ತಾಯಿಗೆ ಒಂದು ಗಂಟೆ ಬಿಡುವು ಮಾಡಿಕೊಟ್ಟು ಮಗುವಿನ ಜೊತೆ ಕೂತು ಅವರೆಕಾಯಿ ಬಿಡಿಸಿ. ದಾಸೋಹ ಅಲ್ಲಿಂದಲೂ ಶುರುವಾಗಬಹುದು.